ಪ್ರಮಾಣೀಕೃತ ಗಣಿತ ಪರೀಕ್ಷೆಯ ಅಂಕಗಳು: ವಿವರಣಾತ್ಮಕ ಸಂಖ್ಯಾಶಾಸ್ತ್ರದ ಮೂಲ ಪರಿಕಲ್ಪನೆಗಳು

ಪೀಠಿಕೆ

ಕನ್ನಡ ಅಧ್ಯಯನವೆಂದರೆ ಕಾವ್ಯ, ಛಂದಸ್ಸು, ವ್ಯಾಕರಣ, ಶಾಸನಗಳ ಅಧ್ಯಯನ ಮಾತ್ರವೆಂಬ ತಿಳಿವಳಿಕೆ ಈಗ ಉಳಿದಿಲ್ಲ. ಶಿಕ್ಷಣ ಮಾಧ್ಯಮ, ಭಾಷಾನೀತಿ, ಕಲಿಕೆಯ ಭಾಷೆ ಮೊದಲಾದ ವಿಷಯಗಳೂ ಕನ್ನಡ ಸಂಶೋಧನೆಯ ಪರಿಧಿಯೊಳಗೆ ಬಂದಿವೆ. 1994ರ ಭಾಷಾನೀತಿ ಆದೇಶ, ಅದನ್ನು ಕುರಿತ ಸರ್ವೋಚ್ಚ ನ್ಯಾಯಾಲಯದ 2014ರ ತೀರ್ಪು, 2019ರಲ್ಲಿ ಕರ್ನಾಟಕದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯುವ ನಿರ್ಧಾರ - ಇವುಗಳ ಸುತ್ತ ನಡೆದ ಚರ್ಚೆಗಳಲ್ಲಿ ಮಕ್ಕಳ ಕಲಿಕೆಯ ಮಟ್ಟವನ್ನು ಕುರಿತ ಅಂಕಿಸಂಖ್ಯೆಗಳಿಗೆ ಮುಖ್ಯ ಸ್ಥಾನವಿದೆ. ಅದರಲ್ಲಿಯೂ ಗಣಿತದ ಅಂಕಗಳು ಭಾಷೆಯ ಹಂಗಿಲ್ಲದ, ವಸ್ತುನಿಷ್ಠವಾದ ಸಾಕ್ಷ್ಯವೆಂಬ ಭಾವನೆ ವ್ಯಾಪಕವಾಗಿದೆ.

ಈ ಸಾಕ್ಷ್ಯವನ್ನು ಮಂಡಿಸುವವರು ಸಾಮಾನ್ಯವಾಗಿ ಮುಂದಿಡುವುದು ಒಂದೇ ಒಂದು ಸಂಖ್ಯೆಯನ್ನು, ಅಂದರೆ ಸರಾಸರಿಯನ್ನು. 'ಈ ಮಾಧ್ಯಮದ ಮಕ್ಕಳ ಸರಾಸರಿ ಇಷ್ಟು, ಆ ಮಾಧ್ಯಮದವರದು ಅಷ್ಟು' ಎಂಬ ಹೇಳಿಕೆಯೊಡನೆ ವಾದ ಮುಗಿದುಹೋಗುತ್ತದೆ. ಆದರೆ ಸರಾಸರಿಯೊಂದು ಅರ್ಥ ಪಡೆಯಬೇಕಾದರೆ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ಅಂಕಗಳು ಆ ಸರಾಸರಿಯ ಸುತ್ತ ಹೇಗೆ ಹರಡಿವೆ? ಅಂಕಗಳನ್ನು ಅಳೆದ ಮಾಪನ ಯಾವುದು? ಪರೀಕ್ಷೆಯನ್ನು ಬರೆದವರು ಯಾರು? ಗಣಿತದ ಕೆಲವು ಪ್ರಮಾಣೀಕೃತ ಪರೀಕ್ಷೆಗಳ ನಿದರ್ಶನಗಳ ಮೂಲಕ ಈ ಮೂರು ಪ್ರಶ್ನೆಗಳನ್ನು ಬಿಡಿಸಿ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಕೇಂದ್ರ ಮತ್ತು ಹರವು

ಅಂಕಗಳ ಒಂದು ದೊಡ್ಡ ಪಟ್ಟಿಯನ್ನು ಕೆಲವೇ ಸಂಖ್ಯೆಗಳಲ್ಲಿ ಸಂಗ್ರಹಿಸಿ ಹೇಳುವ ಕ್ರಮವೇ ವಿವರಣಾತ್ಮಕ ಸಂಖ್ಯಾಶಾಸ್ತ್ರ. ಇದರಲ್ಲಿ ಎರಡು ಬಗೆಯ ಅಳತೆಗಳಿವೆ. ಪಟ್ಟಿಯ ಕೇಂದ್ರ ಎಲ್ಲಿದೆ ಎಂಬುದನ್ನು ಸರಾಸರಿ, ಮಧ್ಯಾಂಕ ಮತ್ತು ಬಹುಲಕಗಳು ತಿಳಿಸುತ್ತವೆ. ಅಂಕಗಳು ಕೇಂದ್ರದಿಂದ ಎಷ್ಟು ದೂರ ಹರಡಿವೆ ಎಂಬುದನ್ನು ವ್ಯಾಪ್ತಿ, ಚತುರ್ಥಕಗಳು ಮತ್ತು ಮಾನಕ ವಿಚಲನೆ ತಿಳಿಸುತ್ತವೆ. ಮಾನಕ ವಿಚಲನೆಯನ್ನು ಕೆಲವು ಗ್ರಂಥಗಳು ಪ್ರಮಾಣ ವಿಚಲನೆಯೆಂದೂ, ಬಹುಲಕವನ್ನು ಹಳೆಯ ಪಠ್ಯಗಳು ರೂಢಿಬೆಲೆಯೆಂದೂ ಕರೆದಿವೆ. ಒಂದು ಪ್ರಬಂಧದೊಳಗೆ ಒಂದೇ ಪದವನ್ನು ಬಳಸುವುದು ಉಚಿತ.

ಇವುಗಳ ನಡುವಿನ ಸಂಬಂಧವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. 50 ಅಂಕಗಳ ಗಣಿತ ಪರೀಕ್ಷೆಯೊಂದನ್ನು ಎರಡು ಶಾಲೆಗಳಲ್ಲಿ ಹತ್ತು ಹತ್ತು ಮಕ್ಕಳು ಬರೆದಿದ್ದಾರೆಂದು ಭಾವಿಸೋಣ. ಮೊದಲನೆಯ ಶಾಲೆಯ ಅಂಕಗಳು: 22, 23, 24, 24, 25, 25, 26, 26, 27, 28. ಎರಡನೆಯ ಶಾಲೆಯ ಅಂಕಗಳು: 5, 8, 10, 12, 14, 33, 38, 41, 44, 45. ಎರಡೂ ಪಟ್ಟಿಗಳ ಮೊತ್ತ 250; ಆದ್ದರಿಂದ ಎರಡೂ ಶಾಲೆಗಳ ಸರಾಸರಿ 25. ಸರಾಸರಿಯನ್ನು ಮಾತ್ರ ನೋಡುವವರಿಗೆ ಈ ಶಾಲೆಗಳಲ್ಲಿ ಯಾವ ಭೇದವೂ ಕಾಣಿಸದು.

ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಬೆಲೆಯೇ ಮಧ್ಯಾಂಕ. ಅಂಕಗಳ ಸಂಖ್ಯೆ ಸಮವಾಗಿದ್ದರೆ ನಡುವಿನ ಎರಡು ಬೆಲೆಗಳ ಸರಾಸರಿಯನ್ನು ತೆಗೆದುಕೊಳ್ಳಬೇಕು. ಮೊದಲ ಶಾಲೆಯ ಮಧ್ಯಾಂಕ 25. ಎರಡನೆಯದರದು 14 ಮತ್ತು 33ರ ನಡುವಿನ 23.5. ಆದರೆ ಎರಡನೆಯ ಶಾಲೆಯಲ್ಲಿ 14ಕ್ಕಿಂತ ಹೆಚ್ಚು, 33ಕ್ಕಿಂತ ಕಡಿಮೆ ಅಂಕ ಪಡೆದ ಮಗು ಒಂದೂ ಇಲ್ಲ. ಅಲ್ಲಿಯ ಸರಾಸರಿಯಾಗಲಿ ಮಧ್ಯಾಂಕವಾಗಲಿ ಆ ಶಾಲೆಯ ಯಾವ ಮಗುವಿನ ಸ್ಥಿತಿಯನ್ನೂ ಹೇಳುವುದಿಲ್ಲ. ತೇರ್ಗಡೆಗೆ 18 ಅಂಕ ಬೇಕೆಂದಿಟ್ಟುಕೊಂಡರೆ ಮೊದಲ ಶಾಲೆಯಲ್ಲಿ ಎಲ್ಲರೂ ತೇರ್ಗಡೆ. ಎರಡನೆಯದರಲ್ಲಿ ಅರ್ಧದಷ್ಟು ಮಕ್ಕಳು ಅನುತ್ತೀರ್ಣರು.

ಈ ಭೇದವನ್ನು ಹರವಿನ ಅಳತೆಗಳು ಹೊರಗೆಡಹುತ್ತವೆ. ಗರಿಷ್ಠ ಮತ್ತು ಕನಿಷ್ಠ ಅಂಕಗಳ ವ್ಯತ್ಯಾಸವಾದ ವ್ಯಾಪ್ತಿ ಮೊದಲ ಶಾಲೆಯಲ್ಲಿ 6, ಎರಡನೆಯದರಲ್ಲಿ 40. ವ್ಯಾಪ್ತಿಯು ಎರಡು ತುದಿಗಳನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುವುದರಿಂದ ಅದು ಒರಟು ಅಳತೆ. ಮಾನಕ ವಿಚಲನೆಯು ಪ್ರತಿಯೊಂದು ಅಂಕವನ್ನೂ ಲೆಕ್ಕಕ್ಕೆ ತರುತ್ತದೆ. ಪ್ರತಿ ಅಂಕವು ಸರಾಸರಿಯಿಂದ ಎಷ್ಟು ದೂರವಿದೆಯೆಂದು ಕಂಡುಹಿಡಿದು, ಆ ವಿಚಲನೆಗಳನ್ನು ವರ್ಗೀಕರಿಸಿ, ವರ್ಗಗಳ ಸರಾಸರಿಯ ವರ್ಗಮೂಲವನ್ನು ತೆಗೆದರೆ ಮಾನಕ ವಿಚಲನೆ ದೊರೆಯುತ್ತದೆ. ವರ್ಗೀಕರಿಸುವ ಅಗತ್ಯವೇನೆಂದರೆ, ಸರಾಸರಿಗಿಂತ ಮೇಲಿನ ಮತ್ತು ಕೆಳಗಿನ ವಿಚಲನೆಗಳನ್ನು ಹಾಗೆಯೇ ಕೂಡಿದರೆ ಅವು ಒಂದನ್ನೊಂದು ಕಳೆದು ಮೊತ್ತ ಯಾವಾಗಲೂ ಸೊನ್ನೆಯಾಗುತ್ತದೆ. ಮೊದಲ ಶಾಲೆಯಲ್ಲಿ ವರ್ಗಗಳ ಮೊತ್ತ 30, ಮಾನಕ ವಿಚಲನೆ ಸುಮಾರು 1.7. ಎರಡನೆಯದರಲ್ಲಿ ವರ್ಗಗಳ ಮೊತ್ತ 2454, ಮಾನಕ ವಿಚಲನೆ ಸುಮಾರು 15.7. ಈ ಹತ್ತು ಮಕ್ಕಳು ದೊಡ್ಡ ಸಮೂಹವೊಂದರ ಮಾದರಿಯಾಗಿದ್ದರೆ ಹತ್ತರ ಬದಲು ಒಂಬತ್ತರಿಂದ ಭಾಗಿಸುವುದು ರೂಢಿ. ಆಗ ಬೆಲೆಗಳು ಕ್ರಮವಾಗಿ 1.8 ಮತ್ತು 16.5 ಆಗುತ್ತವೆ.

'ಸರಾಸರಿ' ಪದದ ಇತಿಹಾಸವೂ ಇಲ್ಲಿ ಗಮನಾರ್ಹ. ಪರ್ಷಿಯನ್ ಮೂಲದ ಈ ಪದಕ್ಕೆ ಹಿನ್ನೆಲೆಯಾಗಿರುವುದು 'ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ' ಎಂಬ ಅರ್ಥ. ಬಳಕೆಯಲ್ಲಿ ತುದಿಗಳು ಮರೆಯಾಗಿ ನಡುವಿನ ಬೆಲೆಯೊಂದೇ ಉಳಿದುಕೊಂಡಿದೆ. ಸಂಶೋಧನೆಯಲ್ಲಿ ಸರಾಸರಿಯೊಡನೆ ಹರವನ್ನೂ ನಮೂದಿಸುವುದೆಂದರೆ ಆ ತುದಿಗಳನ್ನು ಮತ್ತೆ ಲೆಕ್ಕಕ್ಕೆ ತರುವುದೇ ಆಗಿದೆ.

2. ಶೇಕಡಾ ಮತ್ತು ಪರ್ಸೆಂಟೈಲ್

ಪರೀಕ್ಷೆಗಳ ಫಲಿತಾಂಶದಲ್ಲಿ ಅತಿ ಹೆಚ್ಚು ಗೊಂದಲಕ್ಕೆಡೆಮಾಡುವ ಜೋಡಿಪದಗಳಿವು. ಶೇಕಡಾ ಅಂಕವು ಪ್ರಶ್ನೆಪತ್ರಿಕೆಗೆ ಸಂಬಂಧಿಸಿದ್ದು. ಒಟ್ಟು ಅಂಕಗಳಲ್ಲಿ ವಿದ್ಯಾರ್ಥಿ ಗಳಿಸಿದ ಪಾಲನ್ನು ಅದು ಹೇಳುತ್ತದೆ. ಪರ್ಸೆಂಟೈಲ್ ಸಹಪರೀಕ್ಷಾರ್ಥಿಗಳಿಗೆ ಸಂಬಂಧಿಸಿದ್ದು. ನೂರು ಮಂದಿಯಲ್ಲಿ ಎಷ್ಟು ಮಂದಿ ಆ ವಿದ್ಯಾರ್ಥಿಯಷ್ಟೇ ಅಥವಾ ಅದಕ್ಕಿಂತ ಕಡಿಮೆ ಅಂಕ ಗಳಿಸಿದ್ದಾರೆಂಬುದನ್ನು ಅದು ಹೇಳುತ್ತದೆ. ಮಧ್ಯಾಂಕವೆಂದರೆ 50ನೆಯ ಪರ್ಸೆಂಟೈಲ್. ಮೊದಲ ಮತ್ತು ಮೂರನೆಯ ಚತುರ್ಥಕಗಳೆಂದರೆ 25 ಮತ್ತು 75ನೆಯ ಪರ್ಸೆಂಟೈಲ್‌ಗಳು.

2019ರಿಂದ ಜೆಇಇ ಮುಖ್ಯ ಪರೀಕ್ಷೆಯ ಫಲಿತಾಂಶವನ್ನು ಪರ್ಸೆಂಟೈಲ್ ರೂಪದಲ್ಲಿ ಪ್ರಕಟಿಸಲಾಗುತ್ತಿದೆ. 2021ರಿಂದ ಈ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡವೂ ಸೇರಿದಂತೆ ಹದಿಮೂರು ಭಾಷೆಗಳಲ್ಲಿ ಲಭ್ಯವಿದೆ. ಪರೀಕ್ಷೆಯು ಬೇರೆ ಬೇರೆ ಪಾಳಿಗಳಲ್ಲಿ ಬೇರೆ ಬೇರೆ ಪ್ರಶ್ನೆಪತ್ರಿಕೆಗಳೊಡನೆ ನಡೆಯುವುದರಿಂದ ಒಂದು ಪಾಳಿಯ ಪತ್ರಿಕೆ ಇನ್ನೊಂದಕ್ಕಿಂತ ಕಠಿಣವಾಗಿರಬಹುದು. ಆದುದರಿಂದ ಅಭ್ಯರ್ಥಿಯನ್ನು ಆತನ ಪಾಳಿಯಲ್ಲಿ ಬರೆದವರೊಡನೆ ಮಾತ್ರ ಹೋಲಿಸಿ ಸ್ಥಾನವನ್ನು ನಿರ್ಧರಿಸಲಾಗುತ್ತದೆ. ಗಣಿತದಲ್ಲಿ 90 ಪರ್ಸೆಂಟೈಲ್ ಪಡೆದ ಅಭ್ಯರ್ಥಿ ನೂರಕ್ಕೆ ತೊಂಬತ್ತು ಅಂಕ ಪಡೆದನೆಂದು ತಿಳಿಯುವುದು ತಪ್ಪು. ಪತ್ರಿಕೆ ಕಠಿಣವಾಗಿದ್ದರೆ ಆತನ ಶೇಕಡಾ ಅಂಕ ಅರ್ಧಕ್ಕಿಂತಲೂ ಕಡಿಮೆಯಿರಬಹುದು.

ಪರ್ಸೆಂಟೈಲ್‌ಗಳನ್ನು ಕೂಡಿ ಕಳೆಯುವುದೂ ಸರಿಯಲ್ಲ, ಏಕೆಂದರೆ ಅವುಗಳ ನಡುವಿನ ಅಂತರ ಸಮನಾಗಿರುವುದಿಲ್ಲ. ಸಾಮಾನ್ಯ ಹಂಚಿಕೆಯೆಂದು ಕರೆಯುವ ಗಂಟೆಯಾಕಾರದ ಹಂಚಿಕೆಯಲ್ಲಿ ಹೆಚ್ಚಿನವರು ನಡುವಿನಲ್ಲಿ ಕಿಕ್ಕಿರಿದಿರುತ್ತಾರೆ. ತುದಿಗಳಲ್ಲಿ ಕೆಲವೇ ಮಂದಿ ಇರುತ್ತಾರೆ. ಅಲ್ಲಿ 50ರಿಂದ 60ನೆಯ ಪರ್ಸೆಂಟೈಲ್‌ಗೆ ಏರಲು ಸುಮಾರು ಕಾಲು ಮಾನಕ ವಿಚಲನೆಯಷ್ಟು ಹೆಚ್ಚು ಅಂಕ ಸಾಕು. 89ರಿಂದ 99ಕ್ಕೆ ಏರಲು ಸುಮಾರು 1.1 ಮಾನಕ ವಿಚಲನೆಯಷ್ಟು ಬೇಕು. ಎರಡೂ ಕಡೆ ಏರಿಕೆ ಹತ್ತೇ ಆದರೂ ಶ್ರಮದ ಅಂತರ ನಾಲ್ಕು ಪಟ್ಟಿಗೂ ಮಿಗಿಲು.

3. ಮಾಪನ ಮತ್ತು ಬರೆದವರು: ಎಸ್‌ಎಟಿ ಪರೀಕ್ಷೆಯ ಇತಿಹಾಸ

ಪ್ರಮಾಣೀಕೃತ ಪರೀಕ್ಷೆಯೆಂದರೆ ಎಲ್ಲರಿಗೂ ಒಂದೇ ಬಗೆಯ ನಿಯಮಗಳಲ್ಲಿ ನಡೆದು, ಅಂಕಗಳನ್ನು ಮೊದಲೇ ನಿಗದಿಪಡಿಸಿದ ಮಾಪನಕ್ಕೆ ಪರಿವರ್ತಿಸಿ ನೀಡುವ ಪರೀಕ್ಷೆ. ಅಮೆರಿಕದ ಕಾಲೇಜು ಪ್ರವೇಶಕ್ಕಾಗಿ 1926ರಲ್ಲಿ ಆರಂಭವಾದ ಎಸ್‌ಎಟಿ ಇದಕ್ಕೆ ಪ್ರಸಿದ್ಧ ನಿದರ್ಶನ. ಇದರ ಗಣಿತ ವಿಭಾಗದ ಅಂಕಗಳು 200ರಿಂದ 800ರವರೆಗೆ ಇರುತ್ತವೆ. ಇವು ಸರಿಯುತ್ತರಗಳ ಎಣಿಕೆಯಲ್ಲ. 1941ರಲ್ಲಿ ಭಾಷಾ ವಿಭಾಗದ ಪರೀಕ್ಷೆ ಬರೆದವರ ಸರಾಸರಿಯನ್ನು 500 ಎಂದೂ ಮಾನಕ ವಿಚಲನೆಯನ್ನು 100 ಎಂದೂ ಗೊತ್ತುಪಡಿಸಲಾಯಿತು; ಮರುವರ್ಷ ಗಣಿತದ ಅಂಕಗಳನ್ನು ಈ ಮಾಪನಕ್ಕೆ ಜೋಡಿಸಲಾಯಿತು. ಮುಂದಿನ ವರ್ಷಗಳ ಪರೀಕ್ಷೆಗಳನ್ನು ಇದಕ್ಕೇ ಹೊಂದಿಸುತ್ತ ಬಂದುದರಿಂದ ಬೇರೆ ಬೇರೆ ವರ್ಷಗಳ ಅಂಕಗಳನ್ನು ಹೋಲಿಸುವುದು ಸಾಧ್ಯವಾಯಿತು.

ಈ ಹೋಲಿಕೆಯೇ ಅಮೆರಿಕದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. 1963ರಲ್ಲಿ 502 ಇದ್ದ ಗಣಿತದ ಸರಾಸರಿ 1980ರ ವೇಳೆಗೆ 466ಕ್ಕೆ ಇಳಿಯಿತು. ಶಾಲೆಗಳು ಕೆಟ್ಟಿವೆಯೆಂಬ ಕೂಗೆದ್ದಿತು. ಇಳಿಕೆಯ ಕಾರಣಗಳನ್ನು ಪರಿಶೀಲಿಸಲು ನೇಮಕವಾದ, ವಿಲ್ಲರ್ಡ್ ವಿರ್ಟ್ಸ್ ಅವರ ಅಧ್ಯಕ್ಷತೆಯ ಸಮಿತಿ 1977ರಲ್ಲಿ ವರದಿ ನೀಡಿತು. 1970ರವರೆಗಿನ ಇಳಿಕೆಯಲ್ಲಿ ಮೂರನೆಯ ಎರಡು ಭಾಗದಿಂದ ನಾಲ್ಕನೆಯ ಮೂರು ಭಾಗದಷ್ಟಕ್ಕೆ ಪರೀಕ್ಷೆ ಬರೆಯುವವರ ಸಮೂಹ ಬದಲಾದುದೇ ಕಾರಣವೆಂದು ಅದು ಕಂಡುಕೊಂಡಿತು. ಹಿಂದೆ ಕಾಲೇಜಿನ ಕನಸು ಕಾಣದಿದ್ದ ಕುಟುಂಬಗಳ ಮಕ್ಕಳು ಹೆಚ್ಚಿನ ಸಂಖ್ಯೆಯಲ್ಲಿ ಪರೀಕ್ಷೆಗೆ ಕುಳಿತಾಗ ಸರಾಸರಿ ಇಳಿಯಿತು. ನಂತರದ ವರ್ಷಗಳ ಇಳಿಕೆಗೆ ಶಾಲೆ ಮತ್ತು ಸಮಾಜದ ಇತರ ಕಾರಣಗಳನ್ನೂ ಸಮಿತಿ ಗುರುತಿಸಿತು. ಸರಾಸರಿ ಇಳಿದುದು ನಿಜ. ಆದರೆ ಅದರ ಬಹುಭಾಗ ಶಿಕ್ಷಣದ ಬಾಗಿಲು ತೆರೆದುದರ ಗುರುತಾಗಿತ್ತು.

ಮಾಪನವನ್ನೇ ಬದಲಾಯಿಸಿದಾಗ ಏನಾಗುತ್ತದೆಂಬುದನ್ನೂ ಇದೇ ಪರೀಕ್ಷೆ ತೋರಿಸುತ್ತದೆ. 1941ರ ಸಮೂಹಕ್ಕೂ ಹೊಸ ಕಾಲದ ಪರೀಕ್ಷಾರ್ಥಿಗಳಿಗೂ ಹೋಲಿಕೆಯೇ ಉಳಿಯದ ಕಾರಣ, 1990ರ ವಿದ್ಯಾರ್ಥಿಗಳನ್ನು ಆಧಾರ ಸಮೂಹವಾಗಿಟ್ಟುಕೊಂಡು 1995ರಲ್ಲಿ ಮಾಪನದ ಕೇಂದ್ರವನ್ನು ಮರಳಿ 500ರ ಬಳಿಗೆ ತರಲಾಯಿತು. 1995ರ ವಿದ್ಯಾರ್ಥಿಗಳ ಗಣಿತದ ಸರಾಸರಿ ಹಳೆಯ ಮಾಪನದಲ್ಲಿ 482, ಹೊಸದರಲ್ಲಿ 506. ಒಬ್ಬ ವಿದ್ಯಾರ್ಥಿಯೂ ಹೊಸದಾಗಿ ಒಂದು ಲೆಕ್ಕವನ್ನು ಕಲಿಯದೆ ಸರಾಸರಿ 24 ಅಂಕ ಏರಿತು. 2016ರಲ್ಲಿ ಪರೀಕ್ಷೆಯ ಸ್ವರೂಪ ಮತ್ತೆ ಬದಲಾಗಿ ಇನ್ನೊಂದು ಹೊಸ ಮಾಪನ ಬಂದಿತು. 2024ರ ಸುಮಾರು 19.7 ಲಕ್ಷ ಪರೀಕ್ಷಾರ್ಥಿಗಳ ಗಣಿತದ ಸರಾಸರಿ 505. ಈ 505ನ್ನು 1963ರ 502ರ ಪಕ್ಕದಲ್ಲಿರಿಸಿ ಅರವತ್ತು ವರ್ಷಗಳಲ್ಲಿ ಸ್ಥಿತಿ ಬದಲಾಗಿಲ್ಲವೆಂದರೆ ಅದು ಅರ್ಥಹೀನವಾದ ಮಾತು. ಮಾಪನವೂ ಬೇರೆ, ಬರೆದವರೂ ಬೇರೆ.

4. ಆಧಾರ ಸಮೂಹದ ದೂರ: ಪಿಸಾ ಪರೀಕ್ಷೆ ಮತ್ತು ಭಾರತ

ಎಸ್‌ಎಟಿಯನ್ನು ಬರೆಯುವವರು ಬಹುಮಟ್ಟಿಗೆ ತಾವಾಗಿಯೇ ಬರುವವರು. ಇದಕ್ಕೆ ಭಿನ್ನವಾಗಿ, ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ ನಡೆಸುವ ಪಿಸಾ ಸಮೀಕ್ಷೆಯು ಶಾಲೆಯಲ್ಲಿರುವ 15 ವರ್ಷದ ಮಕ್ಕಳಿಂದ ಪ್ರಾತಿನಿಧಿಕ ಮಾದರಿಯನ್ನು ಆರಿಸಿಕೊಳ್ಳುತ್ತದೆ. ಇದರ ಗಣಿತದ ಮಾಪನವನ್ನು 2003ರಲ್ಲಿ, ಸಂಸ್ಥೆಯ ಸದಸ್ಯ ರಾಷ್ಟ್ರಗಳ ಸರಾಸರಿ 500, ಮಾನಕ ವಿಚಲನೆ 100 ಆಗುವಂತೆ ರೂಪಿಸಲಾಯಿತು. ಸಾಮಾನ್ಯ ಹಂಚಿಕೆಯ ಲಕ್ಷಣದಂತೆ ಆ ರಾಷ್ಟ್ರಗಳ ಸುಮಾರು ಮೂರನೆಯ ಎರಡು ಭಾಗ ಮಕ್ಕಳು 400 ಮತ್ತು 600ರ ನಡುವೆ ಬರುತ್ತಾರೆ. ದೈನಂದಿನ ಬದುಕಿನಲ್ಲಿ ಗಣಿತವನ್ನು ಬಳಸಲು ಬೇಕಾದ ಕನಿಷ್ಠ ಮಟ್ಟವೆಂದು 420 ಅಂಕಗಳನ್ನು ಗುರುತಿಸಲಾಗಿದೆ.

2009ರ ಆವೃತ್ತಿಯ ವಿಸ್ತರಣೆಯಲ್ಲಿ ಭಾರತದಿಂದ ತಮಿಳುನಾಡು ಮತ್ತು ಹಿಮಾಚಲ ಪ್ರದೇಶಗಳು ಪಾಲ್ಗೊಂಡವು. ಗಣಿತದ ಸರಾಸರಿ ಕ್ರಮವಾಗಿ 351 ಮತ್ತು 338. ಆ ಆವೃತ್ತಿಯಲ್ಲಿ ಸದಸ್ಯ ರಾಷ್ಟ್ರಗಳ ಸರಾಸರಿ 496. ಪ್ರಶ್ನೆಗಳು ಇಲ್ಲಿಯ ಮಕ್ಕಳ ಸಾಮಾಜಿಕ ಮತ್ತು ಸಾಂಸ್ಕೃತಿಕ ಪರಿಸರಕ್ಕೆ ಹೊಂದುವುದಿಲ್ಲವೆಂಬ ಆಕ್ಷೇಪದೊಡನೆ ಭಾರತ ಮುಂದಿನ ಆವೃತ್ತಿಗಳಿಂದ ದೂರ ಉಳಿಯಿತು. ಮತ್ತೆ ಪಾಲ್ಗೊಳ್ಳಲು 2019ರಲ್ಲಿ ಒಪ್ಪಂದವಾದರೂ 2022ರ ಆವೃತ್ತಿಯಲ್ಲಿ ಪಾಲ್ಗೊಳ್ಳಲಿಲ್ಲ.

ಇಲ್ಲಿ 351 ಎಂಬ ಸಂಖ್ಯೆಯನ್ನು ಓದುವ ಕ್ರಮ ಹೀಗೆ. ಆಧಾರ ಸರಾಸರಿಯಾದ 500ರಿಂದ ಅದು 149 ಅಂಕ ಕೆಳಗಿದೆ. ಎಂದರೆ ಸುಮಾರು ಒಂದೂವರೆ ಮಾನಕ ವಿಚಲನೆ. ಅಂಕ ಮತ್ತು ಸರಾಸರಿಗಳ ವ್ಯತ್ಯಾಸವನ್ನು ಮಾನಕ ವಿಚಲನೆಯಿಂದ ಭಾಗಿಸಿ ಪಡೆಯುವ ಈ ಬೆಲೆಯನ್ನು ಮಾನಕ ಅಂಕವೆನ್ನುತ್ತಾರೆ. ಆಧಾರ ಸಮೂಹದಲ್ಲಿ ಅಷ್ಟು ಕೆಳಗಿರುವ ಮಗುವಿನ ಸ್ಥಾನ ಸುಮಾರು 7ನೆಯ ಪರ್ಸೆಂಟೈಲ್. ತಮಿಳುನಾಡಿನ ಮಕ್ಕಳಲ್ಲಿ 420ರ ಕನಿಷ್ಠ ಮಟ್ಟವನ್ನು ಮುಟ್ಟಿದವರು ಶೇ. 15, ಹಿಮಾಚಲ ಪ್ರದೇಶದಲ್ಲಿ ಶೇ. 12. ಹಂಚಿಕೆಯು ಸಾಮಾನ್ಯವೆಂದು ಭಾವಿಸಿದರೆ, ತಮಿಳುನಾಡಿನ ಈ ಎರಡು ಸಂಖ್ಯೆಗಳಿಂದ ಅಲ್ಲಿಯ ಮಾನಕ ವಿಚಲನೆ ಸುಮಾರು 67 ಇರಬೇಕೆಂದು ಲೆಕ್ಕ ಹಾಕಬಹುದು. ಆಧಾರ ಸಮೂಹದ 100ಕ್ಕೆ ಹೋಲಿಸಿದರೆ ಇದು ಕಿರಿದಾದ ಹರವು. ಹಾಗಿದ್ದಲ್ಲಿ, ತೀರ ಹಿಂದುಳಿದ ಕೆಲವರು ಇಡೀ ಸರಾಸರಿಯನ್ನು ಕೆಳಗೆಳೆದರೆಂಬ ವಿವರಣೆ ನಿಲ್ಲುವುದಿಲ್ಲ. ಹಂಚಿಕೆಯೇ ಸಮಗ್ರವಾಗಿ ಕೆಳಗಿದೆ. ಪರಿಹಾರವನ್ನು ಯೋಜಿಸುವವರಿಗೆ ಈ ಎರಡು ವಿವರಣೆಗಳ ಭೇದ ಅತ್ಯಂತ ಮುಖ್ಯವಾದುದು. ಮೊದಲನೆಯದಾದರೆ ಕೆಲವರಿಗೆ ವಿಶೇಷ ಬೋಧನೆ ಸಾಕು. ಎರಡನೆಯದಾದರೆ ಬೋಧನೆಯ ಕ್ರಮವನ್ನೇ ಪರಿಶೀಲಿಸಬೇಕು.

ಮಾದರಿಯಿಂದ ಪಡೆದ ಸರಾಸರಿಯೊಡನೆ ಮಾನಕ ದೋಷವನ್ನೂ ನೋಡಬೇಕು. ಬೇರೊಂದು ಮಾದರಿಯನ್ನು ಆರಿಸಿದ್ದರೆ ಸರಾಸರಿ ಎಷ್ಟು ವ್ಯತ್ಯಾಸವಾಗುತ್ತಿತ್ತೆಂಬ ಅಂದಾಜು ಅದು. ಮಾನಕ ವಿಚಲನೆ ಮಕ್ಕಳ ನಡುವಿನ ಭೇದವನ್ನು ಹೇಳಿದರೆ, ಮಾನಕ ದೋಷವು ಸರಾಸರಿಯ ವಿಶ್ವಾಸಾರ್ಹತೆಯನ್ನು ಹೇಳುತ್ತದೆ. ದೋಷದ ಮಿತಿಯೊಳಗಿನ ಐದಾರು ಅಂಕಗಳ ಅಂತರದಿಂದ ಒಂದು ರಾಜ್ಯ ಇನ್ನೊಂದಕ್ಕಿಂತ ಮುಂದಿದೆಯೆಂದು ತೀರ್ಮಾನಿಸಲಾಗದು.

5. ರಾಷ್ಟ್ರೀಯ ಸಮೀಕ್ಷೆಯ ಅಂಕಗಳು

ಭಾರತದಲ್ಲಿ 2021ರ ನವೆಂಬರಿನಲ್ಲಿ ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಿ 720 ಜಿಲ್ಲೆಗಳ ಸುಮಾರು 34 ಲಕ್ಷ ಮಕ್ಕಳು ಕನ್ನಡವೂ ಸೇರಿದಂತೆ 22 ಭಾಷೆಗಳಲ್ಲಿ ಪರೀಕ್ಷೆ ಬರೆದರು. 500ರ ಮಾಪನದಲ್ಲಿ ಗಣಿತದ ರಾಷ್ಟ್ರೀಯ ಸರಾಸರಿ ಮೂರನೆಯ ತರಗತಿಯಲ್ಲಿ 306, ಐದರಲ್ಲಿ 284, ಎಂಟರಲ್ಲಿ 255, ಹತ್ತರಲ್ಲಿ 216. ತರಗತಿ ಏರಿದಂತೆ ಕಲಿಕೆ ಇಳಿಯುತ್ತದೆಂಬ ತೀರ್ಮಾನವನ್ನು ಈ ಸಾಲಿನಿಂದ ಥಟ್ಟನೆ ಹೊರಡಿಸಬಹುದು. ಆದರೆ ಮೂರನೆಯ ತರಗತಿಯ ಮಗುವನ್ನು ಕೂಡುವ ಕಳೆಯುವ ಲೆಕ್ಕದಿಂದಲೂ ಹತ್ತನೆಯ ತರಗತಿಯ ವಿದ್ಯಾರ್ಥಿಯನ್ನು ಬೀಜಗಣಿತ, ತ್ರಿಕೋನಮಿತಿಗಳಿಂದಲೂ ಅಳೆದಿರುವಾಗ, ಎರಡು ಪರೀಕ್ಷೆಗಳನ್ನು ಸಮಾನ ಪ್ರಶ್ನೆಗಳ ಮೂಲಕ ಒಂದೇ ಮಾಪನಕ್ಕೆ ಜೋಡಿಸಿದ್ದಾರೆಯೇ ಎಂಬುದನ್ನು ಮೊದಲು ನೋಡಬೇಕು. ಜೋಡಣೆಯಿಲ್ಲದೆ 306 ಮತ್ತು 216ನ್ನು ಕಳೆಯುವುದು ಸೇರಿನಿಂದ ಮೊಳವನ್ನು ಕಳೆದಂತೆ.

6. ಕನ್ನಡ ಸಂಶೋಧನೆಗೆ ಇದರ ಪ್ರಸ್ತುತತೆ

ಎಸ್‌ಎಟಿಯ ಇತಿಹಾಸದಿಂದ ದೊರೆಯುವ ಪಾಠ ಮಾಧ್ಯಮ ಚರ್ಚೆಗೆ ನೇರವಾಗಿ ಅನ್ವಯಿಸುತ್ತದೆ. ಮಕ್ಕಳು ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಚೀಟಿಯೆತ್ತಿ ಹಂಚಿಹೋದವರಲ್ಲ. ತಂದೆತಾಯಿಗಳ ಆದಾಯ, ವಿದ್ಯೆ, ಊರು, ಮನೆಪಾಠದ ಅನುಕೂಲ ಇವೆಲ್ಲವೂ ಆ ಆಯ್ಕೆಯ ಹಿಂದಿರುತ್ತವೆ. ಹೀಗೆ ಮೊದಲೇ ಬೇರೆಯಾಗಿರುವ ಎರಡು ಸಮೂಹಗಳ ಗಣಿತದ ಸರಾಸರಿಗಳಲ್ಲಿ ಕಾಣುವ ಅಂತರವನ್ನು ಮಾಧ್ಯಮದ ಫಲವೆಂದು ಹೇಳಲಾಗದು. ಕನ್ನಡ ಮಾಧ್ಯಮದ ಪರವಾಗಿ ವಾದಿಸುವವರಿಗೂ ವಿರುದ್ಧವಾಗಿ ವಾದಿಸುವವರಿಗೂ ಈ ಎಚ್ಚರಿಕೆ ಸಮಾನವಾಗಿ ಸಲ್ಲುತ್ತದೆ. ಹಿನ್ನೆಲೆ ಸಮಾನವಾಗಿರುವ ಮಕ್ಕಳನ್ನು ಹೋಲಿಸಿದಾಗ ಮಾತ್ರ ಮಾಧ್ಯಮದ ಪ್ರಭಾವವನ್ನು ಕುರಿತು ಮಾತನಾಡುವ ಅಧಿಕಾರ ದೊರೆಯುತ್ತದೆ.

ಗಣಿತದ ಅಂಕ ಭಾಷೆಯ ಹಂಗಿಲ್ಲದ್ದೆಂಬ ಭಾವನೆಯೂ ಪರೀಕ್ಷೆಗೆ ಒಳಗಾಗಬೇಕು. ಮಾತಿನ ಲೆಕ್ಕಗಳನ್ನು ಬಿಡಿಸುವ ಮೊದಲು ವಾಕ್ಯವನ್ನು ಬಿಡಿಸಬೇಕು. 'ಮೂರು ಪಟ್ಟು' ಮತ್ತು 'ಮೂರು ಪಟ್ಟು ಹೆಚ್ಚು' ಎಂಬ ಪ್ರಯೋಗಗಳು ಆಡುಮಾತಿನಲ್ಲಿ ಒಂದೇ ಅರ್ಥದಲ್ಲಿ ಬಳಕೆಯಾಗುತ್ತವೆ. ಲೆಕ್ಕದಲ್ಲಿ ಮೊದಲನೆಯದು ಮೂಲದ ಮೂರರಷ್ಟು, ಎರಡನೆಯದು ಕಟ್ಟುನಿಟ್ಟಾಗಿ ಓದಿದರೆ ನಾಲ್ಕರಷ್ಟು. ಇಂಗ್ಲಿಷಿನ ಅಧೀನ ವಾಕ್ಯಗಳನ್ನು ಕನ್ನಡದ ಕೃದಂತಗಳ ಸರಮಾಲೆಯಾಗಿ ಅನುವಾದಿಸಿದಾಗ, ಕೇಳಿರುವುದೇನೆಂಬುದು ವಾಕ್ಯದ ಕೊನೆಯವರೆಗೆ ತಿಳಿಯುವುದಿಲ್ಲ. ಅನುವಾದ ತೊಡಕಾಗಿರುವ ಪ್ರಶ್ನೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಅಂಕ ಕಳೆದುಕೊಂಡರೆ ಸರಾಸರಿಯು ಅದನ್ನು ಗಣಿತದ ಕೊರತೆಯೆಂದೇ ದಾಖಲಿಸುತ್ತದೆ. ಒಟ್ಟು ಅಂಕದಲ್ಲಿ ಸಮಾನರಾಗಿರುವ ಎರಡು ಮಾಧ್ಯಮಗಳ ಮಕ್ಕಳು ಒಂದು ನಿರ್ದಿಷ್ಟ ಪ್ರಶ್ನೆಯಲ್ಲಿ ಮಾತ್ರ ಬಹಳ ಬೇರೆಯಾಗಿ ಉತ್ತರಿಸಿದ್ದರೆ, ಆ ಪ್ರಶ್ನೆಯ ಭಾಷೆಯನ್ನು ಸಂಶಯಿಸಬೇಕು. ಈ ಪರಿಶೀಲನೆ ಕನ್ನಡ ವಿದ್ವಾಂಸರಿಂದಲೇ ಆಗಬೇಕಾದ ಕೆಲಸ. ಸಂಖ್ಯಾಶಾಸ್ತ್ರ ಪ್ರಶ್ನೆಯನ್ನು ಎತ್ತಿ ತೋರಿಸಬಲ್ಲುದೇ ಹೊರತು ವಾಕ್ಯದ ದೋಷವನ್ನು ವಿವರಿಸಲಾರದು.

ಸಮಾರೋಪ

ಪರೀಕ್ಷೆಯ ಅಂಕಗಳನ್ನು ಬಳಸುವ ಯಾವುದೇ ಪ್ರಬಂಧದಲ್ಲಿ ಕೆಲವು ವಿವರಗಳು ತಪ್ಪದೆ ಇರಬೇಕು: ಪರೀಕ್ಷೆ ಬರೆದವರ ಸಂಖ್ಯೆ ಮತ್ತು ಅವರನ್ನು ಆರಿಸಿದ ಕ್ರಮ, ಸರಾಸರಿಯ ಜೊತೆಗೆ ಮಧ್ಯಾಂಕ, ಮಾನಕ ವಿಚಲನೆ, ಕನಿಷ್ಠ ಮತ್ತು ಗರಿಷ್ಠ ಅಂಕ, ಹಂಚಿಕೆಯ ಆಕಾರವನ್ನು ತೋರಿಸುವ ಪಟ್ಟಿ ಅಥವಾ ಚಿತ್ರ, ಮಾಪನದ ಆಧಾರ ವರ್ಷ ಮತ್ತು ಆಧಾರ ಸಮೂಹ, ಪ್ರಶ್ನೆಪತ್ರಿಕೆಯ ಭಾಷೆ ಮತ್ತು ಅದು ಮೂಲವೋ ಅನುವಾದವೋ ಎಂಬ ಮಾಹಿತಿ. ಇವುಗಳಿಗೆ ಅರ್ಧ ಪುಟಕ್ಕಿಂತ ಹೆಚ್ಚಿನ ಸ್ಥಳ ಬೇಕಾಗದು. ಲೆಕ್ಕಕ್ಕೆ ಶಾಲಾ ಮಟ್ಟದ ಗಣಿತಕ್ಕಿಂತ ಹೆಚ್ಚಿನದು ಬೇಕಾಗದು.

ಪಾಠಾಂತರಗಳನ್ನು ನೋಡದೆ ಒಂದೇ ಹಸ್ತಪ್ರತಿಯಿಂದ ಕಾವ್ಯದ ಪಾಠವನ್ನು ನಿರ್ಣಯಿಸುವುದನ್ನು ಗ್ರಂಥಸಂಪಾದನೆಯ ಶಿಸ್ತು ಒಪ್ಪುವುದಿಲ್ಲ. ಒಂದು ಸರಾಸರಿಯಿಂದ ಮಕ್ಕಳ ಕಲಿಕೆಯನ್ನೂ ಒಂದು ಭಾಷೆಯ ಯೋಗ್ಯತೆಯನ್ನೂ ನಿರ್ಣಯಿಸುವಾಗ ಅಷ್ಟೇ ಶಿಸ್ತನ್ನು ನಿರೀಕ್ಷಿಸುವುದು ನ್ಯಾಯವಾದುದು. ಆ ನಿರ್ಣಯದ ಫಲವನ್ನು ಅನುಭವಿಸುವವರು ಪಟ್ಟಿಯ ಎರಡು ತುದಿಗಳಲ್ಲಿ ಕುಳಿತಿರುವ ಮಕ್ಕಳು.